ಚೆಂಡು ಬಂದರೂ ಹೊಡೆಯದವರು

ಸ್ಕ್ವಾಷ್‌ನಲ್ಲಿ ಜೋರು ಹೊಡೆತಕ್ಕೆ ಪಾಯಿಂಟ್ ಹೋದರೆ ನನಗೆ ಅಷ್ಟೇನೂ ಬೇಜಾರಾಗುವುದಿಲ್ಲ. ಅವರು ಚೆನ್ನಾಗಿ ಹೊಡೆದರು, ನನಗೆ ಸಿಗಲಿಲ್ಲ, ಲೆಕ್ಕ ಮುಗೀತು. ಕೊರೆಯುವುದು ಇನ್ನೊಂದು ಥರದ ಪಾಯಿಂಟ್. ಅದರಲ್ಲಿ ಚೆಂಡು ನಿಧಾನವಾಗಿ ಹೋಗುತ್ತಿರುತ್ತದೆ. ಎಲ್ಲಿಗೆ ಹೋಗುತ್ತಿದೆ ಅಂತ ಸರಿಯಾಗಿ ಕಾಣುತ್ತಿರುತ್ತದೆ. ಕಾಲು ಮಾತ್ರ ಏಳುವುದಿಲ್ಲ. ಯಾರೋ ಎರಡು ಪಾದಕ್ಕೂ ಮೊಳೆ ಹೊಡೆದ ಹಾಗೆ ನಿಂತು, ಚೆಂಡು ಎರಡನೇ ಸಲ ನೆಲಕ್ಕೆ ಬಿದ್ದು ಪಾಯಿಂಟ್ ಹೋಗುವುದನ್ನು ನೋಡಬೇಕು. ಆಮೇಲೆ ಹೋಗಿ ಅದನ್ನು ಎತ್ತಿಕೊಂಡು ಬಂದು ಎದುರಾಳಿಗೆ ಕೊಡಬೇಕು. ಅದು ಬೇರೆ.

ನಮ್ಮ ಅಪಾರ್ಟ್‌ಮೆಂಟಿನ ಕೋರ್ಟಿನಲ್ಲಿ ಇಂಥ ಪಾಯಿಂಟನ್ನು ಸಲೀಸಾಗಿ ಗೆಲ್ಲುವವರು ಒಬ್ಬರಿದ್ದಾರೆ. ಅರವತ್ತು ದಾಟಿದವರು, ಬ್ಯಾಂಕಿನಿಂದ ರಿಟೈರ್ ಆದವರು. ಬಲ ಮಂಡಿಗೆ ಯಾವಾಗಲೂ ನೀ ಕ್ಯಾಪ್. ಎಲ್ಲರೂ ಅಂಕಲ್ ಅಂತಲೇ ಕರೆಯುತ್ತಾರೆ, ಹಾಗಾಗಿ ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. (ಬೆಂಗಳೂರಿನ ಅಪಾರ್ಟ್‌ಮೆಂಟ್ ಸ್ಕ್ವಾಷ್ ಕೋರ್ಟುಗಳ ಗತಿ ನಿಮಗೆ ಗೊತ್ತೇ ಇದೆ. ಬ್ರೋಷರ್‌ನಲ್ಲಿ ಮಿಂಚುತ್ತವೆ. ಎರಡು ವರ್ಷಕ್ಕೆ ಮಕ್ಕಳ ಹಳೇ ಸೈಕಲ್ಲು, ಸಂಜೆ ಜುಂಬಾ ಕ್ಲಾಸು. ನಮ್ಮದು ಉಳಿದಿದೆ ಅಂದರೆ ಅಂಕಲ್ ಅಸೋಸಿಯೇಷನ್ ಕಮಿಟಿಯಲ್ಲಿ ಇದ್ದಾರೆ ಅನ್ನೋದೇ ಕಾರಣ.)

ಒಂದು ರ‍್ಯಾಲಿ ಹೇಳುತ್ತೇನೆ. ನಾನು ಹಿಂದಿನ ಎಡ ಮೂಲೆಯಲ್ಲಿ ಸಿಕ್ಕಿಬಿದ್ದು ಒಂದು ಬೋಸ್ಟ್ (ಪಕ್ಕದ ಗೋಡೆಗೆ ತಾಗಿಸಿ ಮುಂದಿನ ಗೋಡೆಗೆ ಕಳಿಸುವ ಹೊಡೆತ) ಹೊಡೆದೆ. ಚೆಂಡು ಪಕ್ಕದ ಗೋಡೆಗೆ ತಾಗಿ, ಮುಂದಿನ ಬಲ ಮೂಲೆಯಲ್ಲಿ ಸ್ವಲ್ಪ ಎತ್ತರಕ್ಕೇ ಎದ್ದು ಕೂತಿತು. ಅಂಕಲ್ ಆಗಲೇ ಅಲ್ಲಿದ್ದರು. ನಾನು ಓಡಿ ಟಿ ಹತ್ತಿರ, ಅಂದರೆ ಕೋರ್ಟಿನ ನಡುವೆ ಗೆರೆಗಳು ಕೂಡುವ ಜಾಗಕ್ಕೆ ಬಂದೆ. ಅವರ ರಾಕೆಟ್ ಮೇಲಿತ್ತು, ರಾಕೆಟ್ಟಿನ ಮುಖ ಸ್ವಲ್ಪ ತೆರೆದಿತ್ತು, ಮಂಡಿ ಬಗ್ಗಿತ್ತು. ಡ್ರಾಪ್ ಹಾಕುವ, ಅಂದರೆ ಮುಂದಿನ ಗೋಡೆಗೆ ಮೆಲ್ಲಗೆ ಮುಟ್ಟಿಸಿ ಅಲ್ಲೇ ಬೀಳಿಸುವ ನಿಲುವು. ನಾನು ರೆಡಿಯಾದೆ. ಅವರು ಹೊಡೆಯಲಿಲ್ಲ. ಚೆಂಡು ಇಳಿಯುತ್ತಿದೆ, ಅವರು ಸುಮ್ನೆ ನಿಂತಿದ್ದಾರೆ. ಹೊಡೆಯಲಿಲ್ಲ ಅಂದರೆ ಅರ್ಧ ಸೆಕೆಂಡೂ ಇರಲಿಕ್ಕಿಲ್ಲ. ಆದರೆ ಕೋರ್ಟಿನ ಒಳಗೆ ಅದು ಬಸ್ಸಿಗೆ ಕಾದಷ್ಟು ಉದ್ದ. ನಾನು ಮುಂದಕ್ಕೆ ಬಾಗಿದೆ. ಬಾಗಿದ್ದೇ ತಡ, ಮಣಿಕಟ್ಟು ಒಂದಿಷ್ಟು ತಿರುಗಿತು. ಚೆಂಡು ನನ್ನ ತಲೆಯ ಮೇಲಿಂದ ಆರಾಮಾಗಿ ಹಿಂದಿನ ಮೂಲೆಗೆ ಹೋಯಿತು. ಮುಂದಿನ ಸಲ ಅದೇ ಜಾಗ, ಅದೇ ನಿಲುವು. ಈ ಸಲ ಬಾಗಬಾರದು ಅಂತ ಹಲ್ಲು ಕಚ್ಚಿ ಕಾದೆ. ಡ್ರಾಪ್ ಹಾಕಿದರು. ಟಿನ್‌ನ ಮೇಲೆ ನಾಲ್ಕು ಬೆರಳಷ್ಟು ಎತ್ತರದಲ್ಲಿ. (ಟಿನ್ ಅಂದರೆ ಮುಂದಿನ ಗೋಡೆಯ ಬುಡದ ತಗಡು, ಚೆಂಡು ಅದಕ್ಕೆ ತಾಗಿದರೆ ಪಾಯಿಂಟ್ ಹೋಯಿತು.)

ಅವರಿಗೆ ವೇಗ ಇಲ್ಲ, ವಯಸ್ಸಿಲ್ಲ, ಮಂಡಿ ಇಲ್ಲ. ಅವರು ಕಾಯುತ್ತಾರೆ ಅಂತ ನನಗೆ ಮೊದಲೇ ಗೊತ್ತು. ಗೊತ್ತಿದ್ದೂ ಯಾಕೆ ಹೋಗಿ ಬೀಳುತ್ತೇನೆ? ಈ ಪ್ರಶ್ನೆ ತುಂಬಾ ದಿನ ತಲೆಯಲ್ಲಿ ಕೂತಿತ್ತು.

ಕಾಲಿನ ಲೆಕ್ಕ

ಕೋರ್ಟು ಚಿಕ್ಕದು. ಉದ್ದ 9.75 ಮೀಟರ್, ಅಗಲ 6.4 ಮೀಟರ್. ಟಿಯಿಂದ ಯಾವ ಮೂಲೆಗೆ ಹೋದರೂ ಮೂರು ನಾಲ್ಕು ದೊಡ್ಡ ಹೆಜ್ಜೆ. ಸುಲಭ ಅನ್ನಿಸುತ್ತದೆ. ಆದರೆ ಚೆಂಡು ಹೊರಟ ಮೇಲೆ ನೋಡಿ ಹೊರಟರೆ ಗಟ್ಟಿ ಹೊಡೆತ ಯಾವುದೂ ಸಿಗುವುದಿಲ್ಲ. ಅದಕ್ಕೇ ಸ್ವಲ್ಪ ಆಡಿದವರೆಲ್ಲ ಒಂದು ಅಭ್ಯಾಸ ಮಾಡಿಕೊಂಡಿರುತ್ತಾರೆ. ಎದುರಾಳಿ ಹೊಡೆಯುವ ಹೊತ್ತಿಗೆ ಸರಿಯಾಗಿ ಒಂದು ಪುಟ್ಟ ಕುಪ್ಪಳಿಕೆ. ಸ್ಪ್ಲಿಟ್ ಸ್ಟೆಪ್ ಅನ್ನುತ್ತಾರೆ. ಎರಡೂ ಕಾಲು ನೆಲ ಮುಟ್ಟಿದಾಗ ಮಂಡಿ ಸ್ವಲ್ಪ ಬಗ್ಗುತ್ತದೆ, ತೊಡೆ ಮತ್ತು ಮೀನಖಂಡದ ಸ್ನಾಯು ಹಿಗ್ಗುತ್ತದೆ. ಹಿಗ್ಗಿದ್ದು ತಕ್ಷಣ ಕುಗ್ಗುವಾಗ ಪುಕ್ಕಟೆ ಒಂದು ತಳ್ಳು ಸಿಗುತ್ತದೆ. ಆ ತಳ್ಳಿನಲ್ಲೇ ಮೊದಲ ಹೆಜ್ಜೆ ಇಡಬೇಕು. ಕ್ಷಣ ತಡವಾದರೂ ಅದು ಆವಿಯಾಗಿ ಹೋಗುತ್ತದೆ. ಆಮೇಲೆ ಮೈ ಭಾರ ಹಿಮ್ಮಡಿಗೆ ಇಳಿಯುತ್ತದೆ, ನಿಂತ ನೀರಿನಂತಾದ ಕಾಲನ್ನು ಮತ್ತೆ ಎಬ್ಬಿಸಬೇಕು.

ಹೋಲ್ಡ್ ಮಾಡುವವರು, ಅಂದರೆ ರಾಕೆಟ್ ಎತ್ತಿ ಹೊಡೆಯದೆ ತಡೆದು ನಿಲ್ಲುವವರು, ಮುರಿಯುವುದು ಇದನ್ನೇ. ರಾಕೆಟ್ ಚೆಂಡಿಗೆ ತಾಗಬೇಕಾದ ಹೊತ್ತಿಗೆ ತಾಗುವುದಿಲ್ಲ. ನನ್ನ ಕಾಲು ಮಾತ್ರ ಟೈಮಿಗೆ ಸರಿಯಾಗಿ ನೆಲಕ್ಕೆ ಬಂದಾಗಿದೆ. ತಳ್ಳು ಸಿಕ್ಕಿದೆ, ಹೋಗುವುದಕ್ಕೆ ದಿಕ್ಕಿಲ್ಲ. ಆಗ ಮೈ ಎರಡರಲ್ಲಿ ಒಂದು ಮಾಡುತ್ತದೆ. ಊಹೆ ಮಾಡಿ ಯಾವುದೋ ಕಡೆ ವಾಲುತ್ತದೆ, ಇಲ್ಲ ಅಲ್ಲೇ ಕುಸಿದು ನಿಲ್ಲುತ್ತದೆ. ಅಂಕಲ್‌ಗೆ ಎರಡೂ ಒಪ್ಪಿಗೆ. ವಾಲಿದರೆ ಆ ಕಡೆಯಿಂದ ದೂರ ಹೊಡೆಯುತ್ತಾರೆ. ಕುಸಿದರೆ ಡ್ರಾಪ್. ಅವರ ಹೊಡೆತ ನಿಧಾನವಾಗಿದ್ದರೂ ನಡೆಯುವುದು ಯಾಕೆ ಅಂದರೆ, ಓಡುವವನ ಕಾಲು ಅದಾಗಲೇ ಖರ್ಚಾಗಿರುತ್ತದೆ.

ಇನ್ನೊಂದು ವಿಷಯವೂ ಇದೆ. ಬ್ರೂಸ್ ಅಬರ್ನೆಥಿ ಅನ್ನುವ ಆಸ್ಟ್ರೇಲಿಯಾದ ಸಂಶೋಧಕರು 1990ರಲ್ಲಿ ಸ್ಕ್ವಾಷ್ ಆಟಗಾರರ ಮೇಲೆ ಮಾಡಿದ ಅಧ್ಯಯನಗಳನ್ನು ಪ್ರಕಟಿಸಿದರು. ಒಬ್ಬ ಆಟಗಾರ ಹೊಡೆಯುವ ಫಿಲ್ಮನ್ನು ಚೆಂಡಿಗೆ ರಾಕೆಟ್ ತಾಗುವ ಮುಂಚೆಯೇ ಬೇರೆ ಬೇರೆ ಹಂತದಲ್ಲಿ ಕತ್ತರಿಸಿ ತೋರಿಸುವುದು, ಚೆಂಡು ಎಲ್ಲಿಗೆ ಹೋಗುತ್ತದೆ ಹೇಳಿ ಅನ್ನುವುದು. ಪಳಗಿದವರು ಹೊಸಬರಿಗಿಂತ ಮುಂಚೆ ಹೇಳುತ್ತಿದ್ದರು. ಹೊಸಬರು ರಾಕೆಟ್ ನೋಡಿ ತಿಳಿದುಕೊಳ್ಳುತ್ತಿದ್ದರೆ, ಪಳಗಿದವರು ಅದಕ್ಕೂ ಮೊದಲು ಚಲಿಸುವ ತೋಳನ್ನೂ ಓದುತ್ತಿದ್ದರು. ಅಂದರೆ ಆಟ ಬಂದವರು ಚೆಂಡಿನ ಹಿಂದೆ ಓಡುವವರಲ್ಲ. ಹೊಡೆಯುವವರ ತೋಳನ್ನು ಓದಿ ಮೊದಲೇ ಹೊರಡುವವರು. ಓದಲು ಬರುವವರಿಗೇ ತಾನೇ ಸುಳ್ಳು ಬರೆದು ಕೊಡಬಹುದು?

ಇದು ನನಗೆ ಪುಸ್ತಕದಿಂದ ಅರ್ಥವಾಗಿದ್ದಲ್ಲ. ಶಿವಮೊಗ್ಗದಿಂದ ಅಕ್ಕನ ಮಗಳು ರಜೆಗೆ ಬಂದಿದ್ದಳು. ಕಾಲೇಜಿನಲ್ಲಿ ಶಟಲ್ ಆಡುತ್ತಾಳೆ. ಸ್ಕ್ವಾಷ್ ರಾಕೆಟ್ ಹಿಡಿದದ್ದು ಅದೇ ಮೊದಲು. ಸ್ವಲ್ಪ ಹೊತ್ತು ಹೊಡೆದು ಹೊಡೆದು ಚೆಂಡು ಬಿಸಿ ಮಾಡಿ, ಆಮೇಲೆ ಮಾವನ ಗತ್ತು ತೋರಿಸೋಣ ಅಂತ ಅಂಕಲ್ ಥರವೇ ಮುಂದಿನ ಮೂಲೆಯಲ್ಲಿ ನಿಂತು ರಾಕೆಟ್ ಮೇಲೆತ್ತಿ ಕಾದೆ. ಕಣ್ಣು ಎಡಕ್ಕೆ ಹಾಯಿಸಿದೆ, ಭುಜ ತಿರುಗಿಸಿದೆ, ಕೊನೆಗೆ ಮೆಲ್ಲಗೆ ಬಲಕ್ಕೆ ಹಾಕಿದೆ. ಅವಳು ನನ್ನ ಭುಜ ನೋಡಿರಲೇ ಇಲ್ಲ, ಕಣ್ಣೂ ನೋಡಿರಲಿಲ್ಲ. ಚೆಂಡನ್ನೇ ದಿಟ್ಟಿಸಿಕೊಂಡು ನಿಂತಿದ್ದಳು. ಅದು ಹೊರಟ ಮೇಲೆ ಹೊರಟಳು. ಚೆಂಡು ನಿಧಾನವಾಗಿತ್ತಲ್ಲ, ಹೋಗಿ ಎತ್ತಿಬಿಟ್ಟಳು. ಮತ್ತೆ ಕಾದೆ, ಮತ್ತೆ ಎತ್ತಿದಳು. ಬರೀ ನೇರ ಡ್ರೈವ್ (ಪಕ್ಕದ ಗೋಡೆಯ ಗುಂಟ ಹಿಂದಕ್ಕೆ ಹೋಗುವ ಉದ್ದ ಹೊಡೆತ) ಗಟ್ಟಿಯಾಗಿ ಹೊಡೆದಾಗ ಒಂದೂ ಸಿಗಲಿಲ್ಲ. ನನ್ನ ಅಷ್ಟೂ ನಾಟಕಕ್ಕೆ ಅವಳ ಹತ್ತಿರ ಒಬ್ಬ ಪ್ರೇಕ್ಷಕನೂ ಇರಲಿಲ್ಲ. "ಮಾವ, ಯಾಕೆ ಇಷ್ಟು ಲೇಟಾಗಿ ಹೊಡೀತೀರಾ, ಕೈ ನೋವಾ?" ಅಂತ ಕೇಳಿದಳು.

ಹಾಗಾದರೆ ನಾನು ಅಂಕಲ್ ಹತ್ತಿರ ಮೋಸ ಹೋಗುವುದು ಆಟ ಬರದೆ ಅಲ್ಲ, ಸ್ವಲ್ಪ ಬಂದದ್ದಕ್ಕೆ. ಇದು ಸಮಾಧಾನವೋ ಅಲ್ಲವೋ ನನಗೆ ಗೊತ್ತಿಲ್ಲ.

ಶೂ ಶಬ್ದ

ಶಟಲ್ ಮಾತು ಬಂದ ಮೇಲೆ ಪ್ರಕಾಶ್ ಪಡುಕೋಣೆ ಬರಲೇಬೇಕು. ನಮ್ಮ ಅಪ್ಪನ ತಲೆಮಾರಿನವರ ಜೊತೆ ಯಾವ ರಾಕೆಟ್ ಆಟದ ಮಾತು ತೆಗೆದರೂ ಅದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿಗೆ ಹೋಗಿ ನಿಲ್ಲುತ್ತದೆ. ಮದುವೆ ಇಲ್ಲದ ದಿನ ನೋಡಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದ ಜಾಗ ಅದು. 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರನ್ನು ಪ್ರಕಾಶ್ 15-3, 15-10ರಿಂದ ಸೋಲಿಸಿದರು. ಕಿಂಗ್ ಎಗರಿ ಸ್ಮ್ಯಾಷ್ ಹೊಡೆಯುವುದರಲ್ಲಿ ಹೆಸರಾದವರು. ಕಿಂಗ್ ಅವರಿಗೆ ಬೇಕಾದ ವೇಗವನ್ನೇ ಪ್ರಕಾಶ್ ಕೊಡಲಿಲ್ಲ. ಟಾಸ್, ಡ್ರಾಪ್, ಅರ್ಧ ಸ್ಮ್ಯಾಷ್, ಎಲ್ಲ ಒಂದೇ ಕೈಯಿಂದ ಹೊರಟ ಹಾಗೆ. ಆ ತಡೆದು ಆಡುವ ಆಟವೇ ಸ್ಕ್ವಾಷ್‌ನಲ್ಲೂ ಇರುವುದು ಅಂತ ನಾನು ಅಂದುಕೊಂಡಿದ್ದೆ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಶಟಲ್‌ನಲ್ಲಿ ನಡುವೆ ನೆಟ್ ಇದೆ, ಇಬ್ಬರೂ ಎದುರು ಬದುರು. ಸ್ಕ್ವಾಷ್‌ನಲ್ಲಿ ಇಬ್ಬರೂ ಒಂದೇ ರೂಮಿನಲ್ಲಿ, ಒಂದೇ ಗೋಡೆಗೆ ಮುಖ ಮಾಡಿ ಇರುತ್ತಾರೆ. ಮುಂದಿನ ಮೂಲೆಯಲ್ಲಿ ಹೊಡೆಯುವವರಿಗೆ ಎದುರಾಳಿ ಬೆನ್ನ ಹಿಂದೆ. ಎದುರಾಳಿಗೆ ಕಾಣುವುದು ಒಂದು ಬೆನ್ನು, ಒಂದು ಭುಜ, ಮೇಲಕ್ಕೆತ್ತಿದ ರಾಕೆಟ್. ಎಷ್ಟೋ ಸಲ ಚೆಂಡೇ ಕಾಣುವುದಿಲ್ಲ. ಹಾಗಿದ್ದ ಮೇಲೆ, ನನಗೆ ಬೆನ್ನು ತಿರುಗಿಸಿ ನಿಂತ ಅಂಕಲ್‌ಗೆ ನಾನು ಯಾವ ಕಡೆ ವಾಲಿದೆ ಅಂತ ಹೇಗೆ ಗೊತ್ತಾಗುತ್ತದೆ? ಓರೆಗಣ್ಣಿನಲ್ಲಿ ಒಂದಿಷ್ಟು ಕಾಣಬಹುದು. ಅಷ್ಟು ಸಾಕಾ?

ಒಂದು ದಿನ ಆಟ ಮುಗಿಸಿ ಹೊರಗೆ ಮೆಟ್ಟಿಲ ಮೇಲೆ ಕೂತು ಎಳನೀರು ಕುಡಿಯುವಾಗ ಕೇಳಿದೆ. ಅವರು ಸ್ಟ್ರಾ ಬಾಯಲ್ಲಿಟ್ಟುಕೊಂಡೇ, "ನೀನೇ ಹೇಳ್ತೀಯಲ್ಲ" ಅಂದರು. ಅರ್ಥವಾಗಲಿಲ್ಲ. ಅವರು ನನ್ನ ಶೂ ಕಡೆ ಬೆರಳು ತೋರಿಸಿದರು. "ಕಿರ್ ಅನ್ನತ್ತೆ. ಮುಂದಕ್ಕೆ ಬಂದ್ರೆ ಒಂದ್ ಥರ, ಪಕ್ಕಕ್ಕೆ ಹೋದ್ರೆ ಒಂದ್ ಥರ. ಏನೂ ಶಬ್ದ ಬರ್ಲಿಲ್ಲ ಅಂದ್ರೆ ಇನ್ನೂ ನಿಂತಿದೀಯಾ ಅಂತ." ಮರದ ನೆಲ, ಶೂಗೆ ರಬ್ಬರ್ ತಳ, ನಾಲ್ಕು ಗೋಡೆ. ಸ್ಕ್ವಾಷ್ ಕೋರ್ಟಿನಲ್ಲಿ ಗುಟ್ಟಾಗಿ ಕಾಲು ಎತ್ತಿಡುವುದು ಆಗದ ಮಾತು. ಅಂಕಲ್ ಚೆಂಡಿನ ಮುಂದೆ ನಿಂತು ಏನನ್ನೂ ಅಭಿನಯಿಸುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದರು.

ಇದಾದ ಮೇಲೆ ನಾನು ಈ ಇಡೀ ವಿಷಯವನ್ನು ಬೇರೆ ಥರ ನೋಡತೊಡಗಿದೆ. ಎದುರಾಳಿಯನ್ನು ದಾರಿ ತಪ್ಪಿಸುವುದರಲ್ಲಿ ಮೂರು ಬಗೆ ಇದೆ ಅನ್ನಿಸುತ್ತದೆ. ಒಂದು, ಎಲ್ಲ ಹೊಡೆತಕ್ಕೂ ಒಂದೇ ತಯಾರಿ. ಡ್ರೈವ್ ಆಗಲಿ, ಡ್ರಾಪ್ ಆಗಲಿ, ತಲೆಯ ಮೇಲಿಂದ ಕಳಿಸುವ ಲಾಬ್ ಆಗಲಿ, ರಾಕೆಟ್ ಒಂದೇ ಎತ್ತರ, ಹೆಜ್ಜೆ ಒಂದೇ ಅಳತೆ. ಇದರಲ್ಲಿ ಸುಳ್ಳಿಲ್ಲ, ಬರೀ ಮೌನ. ಎರಡನೆಯದು ತೋರಿಸುವುದೊಂದು ಮಾಡುವುದೊಂದು. ಜೋರಾಗಿ ಬೀಸುವ ಹಾಗೆ ಮಾಡಿ ಕೊನೆಗೆ ಮುಟ್ಟುವುದು, ಒಂದು ಸಲ ಸುಳ್ಳೇ ಬೀಸಿ ಎರಡನೇ ಸಲ ಹೊಡೆಯುವುದು. ಯೂಟ್ಯೂಬ್ ಕ್ಲಿಪ್ಪುಗಳಲ್ಲಿ ಇದೇ ಜಾಸ್ತಿ. ಕ್ಲಬ್ ಮಟ್ಟದಲ್ಲಿ ಇದರ ಫಲ ಅಂದರೆ ಚೆಂಡು ಟಿನ್‌ಗೆ ಬಡಿದು ಢಣ್ ಅನ್ನುವುದು. ಮೂರನೆಯದು ಅಂಕಲ್‌ದು. ಅವರು ಏನನ್ನೂ ತೋರಿಸುವುದಿಲ್ಲ, ನಾನು ತೋರಿಸುವವರೆಗೆ ನಿಲ್ಲುತ್ತಾರೆ. ಹೋಲ್ಡ್ ಅನ್ನುವುದನ್ನು ನಾನು ಸುಳ್ಳು ಅಂದುಕೊಂಡಿದ್ದೆ. ಅದು ನನ್ನ ಬಾಯಿಂದ, ಅಲ್ಲ, ನನ್ನ ಕಾಲಿನಿಂದ ನಿಜ ಹೊರಡಿಸುವ ಉಪಾಯ.

ಹಾಗೆ ನಿಲ್ಲುವುದು ಸುಮ್ನೆ ಅಲ್ಲ. ಕೊನೇ ಕ್ಷಣದವರೆಗೂ ಕೈಯಲ್ಲಿ ಕನಿಷ್ಠ ಎರಡು ಹೊಡೆತ ಜೀವಂತ ಇರಬೇಕು. ಚೆಂಡು ಇಳಿದಷ್ಟೂ, ಹಿಂದೆ ಬಂದಷ್ಟೂ, ದಾರಿಗಳು ಮುಚ್ಚುತ್ತಾ ಹೋಗುತ್ತವೆ. ಮುಂಗಾಲಿನ ಮುಂದೆ ಇರುವಾಗ ಆಚೆ ಬದಿಗೆ ಹೊಡೆಯುವ ಕ್ರಾಸ್‌ಕೋರ್ಟ್ ಸುಲಭ. ಕಾಲಿನ ಸಮಕ್ಕೆ ಬಂದರೆ ನೇರ ಹೊಡೆತ. ಇನ್ನೂ ಹಿಂದೆ ಹೋದರೆ ಬೋಸ್ಟ್ ಬಿಟ್ಟು ಗತಿಯಿಲ್ಲ. ಅಂದರೆ ಕಾಯುತ್ತಾ ಕಾಯುತ್ತಾ ನಾವೇ ನಮ್ಮ ಆಯ್ಕೆ ಕಳೆದುಕೊಳ್ಳುತ್ತಿರುತ್ತೇವೆ, ಎದುರಾಳಿಗೆ ಅದು ಗೊತ್ತಾದರೆ ಆಟ ಉಲ್ಟಾ. ಅದಕ್ಕೇ ಮಣಿಕಟ್ಟು ಗಟ್ಟಿ ಇರುವವರಿಗೆ ಇದು ಒಲಿಯುವುದು. ಚೆಂಡು ತಡವಾದ ಮೇಲೂ ಬರೀ ಮಣಿಕಟ್ಟಿನಿಂದ ಅದನ್ನು ಎದುರು ಮೂಲೆಗೆ ತಿರುಗಿಸಬಲ್ಲವರ ಮುಂದೆ ಯಾವ ದಾರಿಯೂ ಮುಚ್ಚಿದೆ ಅಂತ ಧೈರ್ಯವಾಗಿ ಹೇಳುವಂತಿಲ್ಲ.

ಪವರ್ ಮತ್ತು ನಿಕೋಲ್

ಆ ಥರದ ಮಣಿಕಟ್ಟು ಅಂದರೆ ನನಗೆ ಮೊದಲು ನೆನಪಾಗುವುದು ಕೆನಡಾದ ಜೊನಾಥನ್ ಪವರ್. ಅವರ ಹಳೇ ಮ್ಯಾಚುಗಳ ಮಸುಕು ವಿಡಿಯೋಗಳನ್ನು ನಾನು ರಾತ್ರಿ ಕೂತು ನೋಡುವುದುಂಟು. ಚೆಂಡಿನ ಹತ್ತಿರ ಹೋಗಿ, ರಾಕೆಟ್ ಎತ್ತಿ, ತಲೆಯನ್ನೂ ಅಲ್ಲಾಡಿಸದೆ ನಿಲ್ಲುತ್ತಾರೆ. ಆಮೇಲೆ ಅಷ್ಟೇ ಸಣ್ಣ ಬೀಸಿನಲ್ಲಿ ಚೆಂಡು ಎಲ್ಲಿಗಾದರೂ ಹೋಗಬಹುದು. ಅವರ ಎದುರಾಳಿಯಾಗಿ ಪೀಟರ್ ನಿಕೋಲ್ ಸಿಕ್ಕಿದ್ದು ನೋಡುವವರ ಪುಣ್ಯ. ನಿಕೋಲ್ ಸ್ಕಾಟ್‌ಲೆಂಡಿನ ಎಡಗೈ ಆಟಗಾರ, ಆಮೇಲೆ ಇಂಗ್ಲೆಂಡ್ ಪರ ಆಡಿದರು. ಶಿಸ್ತು, ದಮ್ಮು, ತಪ್ಪೇ ಮಾಡದ ಲೆಂಗ್ತ್, ಅಂದರೆ ಹಿಂದಿನ ಗೋಡೆಯ ಹತ್ತಿರ ಹೋಗಿ ಬೀಳುವ ಉದ್ದ ಹೊಡೆತ. 1998ರಲ್ಲಿ ಕ್ವಾಲಾಲಂಪುರದ ಕಾಮನ್‌ವೆಲ್ತ್ ಗೇಮ್ಸ್ ಫೈನಲ್‌ನಲ್ಲಿ ನಿಕೋಲ್ ಗೆದ್ದರು. ಅದೇ ವರ್ಷ ದೋಹಾದ ವರ್ಲ್ಡ್ ಓಪನ್ ಫೈನಲ್‌ನಲ್ಲಿ ಪವರ್ ಗೆದ್ದರು. ಮುಂದಿನ ವರ್ಷ ಪವರ್ ವಿಶ್ವದ ನಂಬರ್ ಒನ್ ಆದರು, ಉತ್ತರ ಅಮೆರಿಕದಿಂದ ಆ ಜಾಗಕ್ಕೆ ಹೋದ ಮೊದಲಿಗರು. 2002ರ ಮ್ಯಾಂಚೆಸ್ಟರ್ ಗೇಮ್ಸ್‌ನಲ್ಲಿ ಮತ್ತೆ ಇಬ್ಬರದೇ ಫೈನಲ್, ಈ ಸಲ ಚಿನ್ನ ಪವರ್‌ಗೆ.

ಆ ಮ್ಯಾಚುಗಳಲ್ಲಿ ನನ್ನ ಕಣ್ಣು ಹೋಗುವುದು ನಿಕೋಲ್ ಕಡೆಗೆ. ಪವರ್ ನಿಂತಾಗ ಅವರು ಊಹೆ ಮಾಡುವುದು ಕಡಿಮೆ. ಕಾದು, ತಡವಾಗಿ ಹೊರಟು, ಆದರೂ ಚೆಂಡು ಮುಟ್ಟುತ್ತಾರೆ. ಹಾಗೆ ಮುಟ್ಟುವುದಕ್ಕೆ ಪ್ರತಿ ಸಲ ಸತ್ತ ಕಾಲಿನಿಂದ ಹೊರಡಬೇಕು, ಪ್ರತಿ ಸಲ ಪೂರಾ ಬ್ರೇಕ್ ಹಾಕಿ ಮತ್ತೆ ಗೇರ್ ಹಾಕಬೇಕು. ಒಂದು ಗಂಟೆ ಅದನ್ನು ಮಾಡಿ ನೋಡಿ. ಹೋಲ್ಡ್‌ನಿಂದ ಆ ರ‍್ಯಾಲಿಯ ಪಾಯಿಂಟ್ ಬರದೇ ಇರಬಹುದು, ಎದುರಾಳಿಯ ತೊಡೆಯಲ್ಲಿ ಅದರ ಬಿಲ್ ಜಮಾ ಆಗುತ್ತಲೇ ಇರುತ್ತದೆ. ಪವರ್ ಕೂಡ ಪೂರ್ತಿ ಬುದ್ಧಿವಂತಿಕೆಯ ಮೇಲೆ ಬದುಕಲಿಲ್ಲ ಅನ್ನಿ. ರೆಫರಿಗಳ ಜೊತೆ ಅವರ ವಾದ ಕೇಳಿದರೆ ಇಷ್ಟೊಂದು ತಾಳ್ಮೆಯಿಂದ ಚೆಂಡಿಗೆ ಕಾಯುವ ಮನುಷ್ಯ ಇವರೇನಾ ಅನ್ನಿಸುತ್ತದೆ. 2006ರಲ್ಲಿ ಮತ್ತೆ ನಂಬರ್ ಒನ್ ಆಗಿ, ಅದೇ ವರ್ಷ ಆಟ ನಿಲ್ಲಿಸಿದರು.

ಆಮೇಲಿನ ಕಥೆ ಈಜಿಪ್ಟಿನದು. ಅಮ್ರ್ ಶಬಾನಾ 2003, 2005, 2007, 2009ರಲ್ಲಿ ವಿಶ್ವ ಚಾಂಪಿಯನ್. ರಾಮಿ ಆಶೂರ್ 2008, 2012, 2014ರಲ್ಲಿ. ಕೈರೋದ ಹುಡುಗರಿಗೆ ಮಣಿಕಟ್ಟು ಹುಟ್ಟುತ್ತಲೇ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೆ ಆ ಮಾತಿನಲ್ಲಿ ನಂಬಿಕೆ ಇಲ್ಲ. ಆಟದ ಕಾನೂನು ಬದಲಾದದ್ದೂ ದೊಡ್ಡ ಕಾರಣ. ನಮ್ಮ ಕೋರ್ಟುಗಳಲ್ಲಿ ಟಿನ್ 19 ಇಂಚು ಎತ್ತರ. ವೃತ್ತಿಪರ ಟೂರ್‌ನಲ್ಲಿ 17 ಇಂಚು. ಎರಡೇ ಇಂಚು. ಆದರೆ ಆ ಎರಡು ಇಂಚಿನಲ್ಲಿ ಡ್ರಾಪ್ ಹಾಕುವವರಿಗೆ ಧೈರ್ಯ ಬರುತ್ತದೆ. 2004ರಲ್ಲಿ ಪುರುಷರ ಟೂರ್ 11 ಪಾಯಿಂಟ್‌ಗಳ ಗೇಮ್‌ಗೆ ಬಂತು. ಗೇಮ್ ಚಿಕ್ಕದಾದರೆ ಬರೀ ದಮ್ಮು ಕಟ್ಟಿ ಎದುರಾಳಿಯನ್ನು ಅರೆಯುವವರ ಲಾಭ ಕಡಿಮೆಯಾಗುತ್ತದೆ. ಡ್ರಾಪ್ ಭಯ ನಿಜವಾದಾಗ ಮಾತ್ರ ಹೋಲ್ಡ್‌ಗೆ ಬೆಲೆ. ಟಿನ್ ಎತ್ತರ ಇದ್ದರೆ, 'ಹಾಕಲಿ ಬಿಡು, ಅರ್ಧ ಸಲ ಟಿನ್‌ಗೆ ಹೊಡೀತಾನೆ' ಅಂತ ಹಿಂದೆಯೇ ನಿಲ್ಲಬಹುದು. ಆಶೂರ್ ಮುಂದೆ ಹಾಗೆ ನಿಲ್ಲುವ ಹಾಗಿರಲಿಲ್ಲ. ಕೋರ್ಟಿನ ನಡುವೆ ರಾಕೆಟ್ ಎತ್ತಿ ಅವರು ನಿಂತರೆ ಎದುರಾಳಿ ಪ್ರತಿಮೆ. ಅವರ ಸ್ವಂತ ತೊಡೆಯ ಸ್ನಾಯು ಕೈಕೊಡದೇ ಇದ್ದಿದ್ದರೆ ಇನ್ನೆಷ್ಟು ಟೈಟಲ್ ಬರುತ್ತಿತ್ತೋ. ಗಾಯಗಳ ಜೊತೆ ಒದ್ದಾಡಿ 2019ರಲ್ಲಿ ನಿವೃತ್ತರಾದರು.

ಉದ್ರಿ ಖಾತೆ

ಇಷ್ಟೆಲ್ಲ ಹೇಳಿದ ಮೇಲೆ ಪಾಕಿಸ್ತಾನದ ಜಹಾಂಗೀರ್ ಖಾನ್ ಅವರನ್ನು ಮರೆಯುವ ಹಾಗಿಲ್ಲ. 1981ರಿಂದ 1986ರವರೆಗೆ 555 ಮ್ಯಾಚು ಸೋಲಲೇ ಇಲ್ಲ ಅಂತ ಲೆಕ್ಕ. ಕೊನೆಗೆ ತುಲೂಸ್‌ನಲ್ಲಿ ನಡೆದ ವರ್ಲ್ಡ್ ಓಪನ್ ಫೈನಲ್‌ನಲ್ಲಿ ನ್ಯೂಜಿಲೆಂಡಿನ ರಾಸ್ ನಾರ್ಮನ್ ಸೋಲಿಸಿದರು. ಜಹಾಂಗೀರ್ ಆಟದಲ್ಲಿ ಈ ಕಾಯುವಿಕೆ ಮುಖ್ಯ ಅಲ್ಲವೇ ಅಲ್ಲ. ವೇಗ, ಲೆಂಗ್ತ್, ಮತ್ತೆ ಲೆಂಗ್ತ್. ಎಲ್ಲಿ ಹೊಡೆಯುತ್ತೇನೆ ಅಂತ ನಿನಗೆ ಗೊತ್ತು, ತಾಕತ್ತಿದ್ದರೆ ತೆಗಿ ಅನ್ನುವ ಆಟ. ಹಾಗಾದರೆ ಕಾಯುವ ಆಟ ಬರೀ ಒಡವೆಯಾ? ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಅನ್ನಿಸುವುದು, ಹೋಲ್ಡ್ ಬದುಕುವುದೇ ನೇರ ಡ್ರೈವ್‌ನ ಮೇಲೆ. ಅಂಗಡಿಯಲ್ಲಿ ಉದ್ರಿ ಸಿಗಬೇಕಾದರೆ ಮೊದಲು ನಾಲ್ಕು ಸಲ ನಗದು ಕೊಟ್ಟಿರಬೇಕಲ್ವಾ, ಹಾಗೆ. ಗೋಡೆಗೆ ಅಂಟಿಕೊಂಡು ಹಿಂದಿನ ಮೂಲೆಯಲ್ಲಿ ಸಾಯುವ ಡ್ರೈವ್ ನಾಲ್ಕು ಸಲ ತೋರಿಸಿದ್ದರೆ ಐದನೇ ಸಲ ರಾಕೆಟ್ ಎತ್ತಿದಾಗ ಎದುರಾಳಿಯ ಮನಸ್ಸು ಹಿಂದಕ್ಕೆ ಹೋಗುತ್ತದೆ. ಡ್ರೈವೇ ಸಡಿಲ ಇರುವವರು ರಾಕೆಟ್ ಎತ್ತಿ ನಿಂತರೆ ಯಾರು ನಂಬುತ್ತಾರೆ?

ನಮ್ಮ ಕೋರ್ಟಿನಲ್ಲಿ ಹುಡುಗರು ಇದನ್ನು ಒಪ್ಪುವುದಿಲ್ಲ. ಅವರಿಗೆ ಮೊದಲ ವಾರದಿಂದಲೇ ಮಣಿಕಟ್ಟಿನ ಆಟ ಬೇಕು. ತಪ್ಪಲ್ಲ, ಅದೇ ಮಜಾ. ಆದರೆ ಅವರಿಗೆ ಸಿಗದೇ ಇರುವುದು ಮಣಿಕಟ್ಟು ಅಲ್ಲ, ಟೈಮು. ಕಾಯಬೇಕಾದರೆ ಮೊದಲು ಬೇಗ ಹೋಗಿ ಸೇರಬೇಕು. ಓಡುತ್ತಾ ಓಡುತ್ತಾ ಚೆಂಡು ಮುಟ್ಟುವವರಿಗೆ ಕಾಯಲು ಏನು ಉಳಿದಿರುತ್ತದೆ? ಅಂಕಲ್ ಮಂಡಿ ಹಾಳಾಗಿದ್ದರೂ ಬೇಗ ಹೋಗಿ ಸೇರುತ್ತಾರೆ, ಯಾಕೆಂದರೆ ಅವರು ಟಿ ಬಿಟ್ಟು ದೂರ ಹೋಗುವುದೇ ಇಲ್ಲ. ಅರ್ಧ ಚೆಂಡನ್ನು ವಾಲಿ ಮಾಡಿ, ಅಂದರೆ ನೆಲ ಮುಟ್ಟುವ ಮುಂಚೆಯೇ, ಹೊಡೆದುಬಿಡುತ್ತಾರೆ. ಕೆಟ್ಟ ಚೆಂಡು ಬಂದರೆ ಮಾತ್ರ ಕಾಯುತ್ತಾರೆ. ಗೋಡೆಗೆ ಅಂಟಿದ ಒಳ್ಳೆಯ ಡ್ರೈವ್‌ಗೆ ಅವರೂ ಮರ್ಯಾದೆಯಿಂದ ವಾಪಸ್ ಒಂದು ಡ್ರೈವ್ ಹೊಡೆದು ಸುಮ್ಮನಾಗುತ್ತಾರೆ. ಚಳಿಯಲ್ಲೂ ಅವರು ಕಾಯುವುದಿಲ್ಲ. ಡಿಸೆಂಬರ್ ಬೆಳಗ್ಗೆ ಎರಡು ಹಳದಿ ಚುಕ್ಕೆಯ ಚೆಂಡು (ಕಡಿಮೆ ಪುಟಿಯುವ ಜಾತಿ) ಬಿಸಿಯೇ ಆಗುವುದಿಲ್ಲ, ಪುಟಿದು ಕೈಗೆ ಬರುವ ಮುಂಚೆಯೇ ಸತ್ತಿರುತ್ತದೆ. ಅಂಥ ದಿನ ಅಂಕಲ್ ಸಾದಾ ಆಟಗಾರ. ನಾನು ಗೆಲ್ಲುವುದೂ ಅಂಥ ದಿನವೇ.

ಇದು ಮೋಸವಾ?

ಕೋರ್ಟಿನಲ್ಲಿ ಕೆಲವರು 'ಮೋಸ ಮೋಸ' ಅಂತ ಕೂಗುವುದುಂಟು, ಅರ್ಧ ತಮಾಷೆ ಅರ್ಧ ಸಿಟ್ಟು. ಸ್ಕ್ವಾಷ್ ನಿಯಮದ ಪುಸ್ತಕಕ್ಕೆ ಇದರಲ್ಲಿ ಮೋಸ ಕಾಣುವುದಿಲ್ಲ. ಬದಲಿಗೆ ದಾರಿ ತಪ್ಪಿದವರ ಬಗ್ಗೆ ಒಂದು ದಯೆಯ ನಿಯಮವೇ ಇದೆ. ನೀವು ತಪ್ಪು ಕಡೆಗೆ ಹೆಜ್ಜೆ ಇಟ್ಟಿರಿ, ಆದರೂ ಸುಧಾರಿಸಿಕೊಂಡು ಒಳ್ಳೆಯ ಹೊಡೆತ ಹೊಡೆಯಬಲ್ಲಿರಿ ಅಂತ ತೋರಿಸಿದಿರಿ, ಆಗ ಎದುರಾಳಿ ಅಡ್ಡ ಇದ್ದರೆ ನಿಮಗೆ ಲೆಟ್ ಸಿಗುತ್ತದೆ, ಅಂದರೆ ಆ ಪಾಯಿಂಟನ್ನು ಮತ್ತೆ ಆಡಬಹುದು. ಮೋಸ ಹೋದದ್ದಕ್ಕೆ ಶಿಕ್ಷೆ ಇಲ್ಲ, ಸುಧಾರಿಸಿಕೊಂಡದ್ದಕ್ಕೆ ಮರ್ಯಾದೆ ಇದೆ. ನನಗೆ ಬಹಳ ಇಷ್ಟವಾದ ನಿಯಮ ಇದು.

ನನಗೆ ಇಷ್ಟವಿಲ್ಲದ್ದು ಬೇರೆ ಒಂದಿದೆ. ಕೆಲವರು ಕಾಯುವುದು ಹೊಡೆಯಲಿಕ್ಕಲ್ಲ. ಎದುರಾಳಿ ಊಹೆ ಮಾಡಿ ತಮ್ಮ ಹೊಡೆತದ ದಾರಿಗೆ ಬಂದು ಸಿಕ್ಕಿಹಾಕಿಕೊಳ್ಳಲಿ ಅಂತ ನಿಲ್ಲುತ್ತಾರೆ. ಬಂದ ತಕ್ಷಣ ಕೈ ಎತ್ತಿ ಸ್ಟ್ರೋಕ್ ಕೇಳುತ್ತಾರೆ. ಚೆಂಡನ್ನು ಹೊಡೆಯದೆಯೇ ಪಾಯಿಂಟ್. ಒಂದೇ ರೂಮಿನಲ್ಲಿ ಇಬ್ಬರು ರಾಕೆಟ್ ಬೀಸುವ ಆಟದಲ್ಲಿ ಅಪಾಯ ಕಂಡು ನಿಲ್ಲಿಸುವುದು ಸರಿಯೇ. ಅಪಾಯವನ್ನು ತಾನೇ ಕರೆದು ತಂದು ನಿಲ್ಲಿಸುವುದು ಮಾತ್ರ ನನಗೆ ಆಟ ಅನ್ನಿಸುವುದಿಲ್ಲ. ರೆಫರಿ ಇಲ್ಲದ ನಮ್ಮಂಥ ಕೋರ್ಟುಗಳಲ್ಲಿ ಇದರಿಂದ ಮಾತು ಬಿಟ್ಟವರೂ ಇದ್ದಾರೆ.

ಇನ್ನು ತಪ್ಪಿಸಿಕೊಳ್ಳುವ ದಾರಿ. ಕೆಲವು ಕೋಚ್‌ಗಳು ಹೇಳುವುದು ಚೆಂಡು ನೋಡು, ರಾಕೆಟ್ ನೋಡಬೇಡ ಅಂತ. ಅಕ್ಕನ ಮಗಳು ಮಾಡಿದ್ದು ಅದನ್ನೇ. ಆದರೆ ಓದುವುದನ್ನು ಕಲಿತ ಮೇಲೆ ಓದದೇ ಇರುವುದು ಕಷ್ಟ. ಬೀದಿಯ ಬೋರ್ಡನ್ನು ಓದದೆ ಬರೀ ನೋಡಿ ನೋಡೋಣ! ನನಗೆ ಸ್ವಲ್ಪ ಕೆಲಸ ಮಾಡಿದ ಉಪಾಯ ಅಂದರೆ ಕುಪ್ಪಳಿಕೆಯನ್ನೇ ತಡ ಮಾಡುವುದು. ಅವರು ಮುಂದೆ ಆರಾಮಾಗಿ ಸೇರಿಕೊಂಡರು ಅಂತ ಕಂಡ ಕೂಡಲೇ ಕುಪ್ಪಳಿಸಬಾರದು. ಮಂಡಿ ಬಗ್ಗಿಸಿ, ಮೈ ಹಗುರ ಇಟ್ಟುಕೊಂಡು, ಸಣ್ಣ ಸಣ್ಣ ಹೆಜ್ಜೆ ಅಲ್ಲಾಡಿಸುತ್ತಾ ಇರಬೇಕು. ರಾಕೆಟ್ ನಿಜವಾಗಿಯೂ ಕೆಳಗೆ ಹೊರಟಾಗ ಮಾತ್ರ ಕುಪ್ಪಳಿಕೆ. ಇದರಿಂದ ಗಟ್ಟಿ ಡ್ರೈವ್ ಬಂದರೆ ತಡವಾಗುತ್ತದೆ, ಆ ನಷ್ಟ ಒಪ್ಪಿಕೊಳ್ಳಬೇಕು. ಅದಕ್ಕಿಂತ ಮುಖ್ಯ, ಅಂಥ ಚೆಂಡನ್ನೇ ಕೊಡಬಾರದು. ಹಿಂದಿನ ಮೂಲೆಯಿಂದ ಸೋಮಾರಿ ಬೋಸ್ಟ್ ಹೊಡೆದು ಆಮೇಲೆ ಹೋಲ್ಡ್ ಬಗ್ಗೆ ಗೊಣಗುವುದರಲ್ಲಿ ಅರ್ಥ ಇಲ್ಲ.

ಸ್ಕ್ವಾಷ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಮೊದಲ ಸಲ ಬರುತ್ತಿದೆ. ಕೊಡಗಿನ ಮೂಲದ ಸ್ಕ್ವಾಷ್ ಆಟಗಾರ್ತಿ ಜೋಷ್ನಾ ಚಿಣ್ಣಪ್ಪ ಹೆಸರು ಪೇಪರಿನಲ್ಲಿ ಓದಿಯೂ ಒಂದು ಮ್ಯಾಚೂ ನೋಡದವರು ನಮ್ಮಲ್ಲಿ ತುಂಬಾ ಇದ್ದಾರೆ. ಅವರಲ್ಲಿ ಕೆಲವರಾದರೂ ಆಗ ಟಿವಿ ಹಾಕುತ್ತಾರೆ. ನಿಧಾನದ ಚೆಂಡಿಗೆ ವಿಶ್ವದ ಅತಿ ವೇಗದ ಆಟಗಾರರು ಓಡದೆ ನಿಂತದ್ದು ಕಂಡು 'ಇವನಿಗೇನಾಯ್ತು' ಅಂತ ಕೇಳುತ್ತಾರೆ. ಮಾಮೂಲಿ ಕ್ಯಾಮೆರಾ ಇರುವುದು ಹಿಂದಿನ ಗೋಡೆಯ ಮೇಲುಗಡೆ. ಅಲ್ಲಿಂದ ಹೊಡೆಯುವವರು ಕಾಣುತ್ತಾರೆ, ಕಾಯುವವರ ಅವಸ್ಥೆ ಅಷ್ಟಾಗಿ ಕಾಣುವುದಿಲ್ಲ. ಗಾಜಿನ ಕೋರ್ಟಿನಲ್ಲಿ ಮುಂದಿನ ಗೋಡೆಯ ಆಚೆಯಿಂದಲೂ ತೆಗೆಯುತ್ತಾರೆ, ರೀಪ್ಲೇಯಲ್ಲಿ ಅದನ್ನು ಹಾಕಿದಾಗ ರಾಕೆಟ್ ಹಿಡಿದು ನಿಂತವರನ್ನು ಬಿಟ್ಟುಬಿಡಿ. ಟಿ ಹತ್ತಿರ ಇರುವವರ ಪಾದ ನೋಡಿ. ಯಾವ ಹಿಮ್ಮಡಿ ಮೊದಲು ನೆಲಕ್ಕೆ ಇಳಿಯುತ್ತದೆ ಅಂತ ಗೊತ್ತಾದರೆ, ಚೆಂಡು ಎಲ್ಲಿಗೆ ಹೋಗಲಿದೆ ಅಂತ ಕಾಮೆಂಟರಿಯವರಿಗಿಂತ ಮುಂಚೆ ನೀವೇ ಹೇಳಬಹುದು.